ಕಲಿಸಿದ ಉತ್ತರ

ಬಾಗಲಕೋಟೆಯ ಅನಾಥ ಹೆಣ್ಣುಮಕ್ಕಳ ವಸತಿಯಲ್ಲಿ ನಾನು ಸರಿಯಾಗಿ ಕಲಿತದ್ದು ಎರಡೇ ಉತ್ತರ. ಸರಕಾರಿ ಸಾಹೇಬರು ತಪಾಸಣೆಗೆ ಬಂದಾಗ ಸಾಲಾಗಿ ನಿಲ್ಲಬೇಕು. ‘ಊಟ ಆತೇನವಾ?’ ಎಂದರೆ ‘ಆತ್ರಿ’ ಅನ್ನಬೇಕು. ‘ಹ್ಯಾಂಗದೀ?’ ಎಂದರೆ ‘ಆರಾಮ ಅದೀನ್ರಿ’ ಅನ್ನಬೇಕು. ಒಮ್ಮೆ ಜ್ವರದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಅವರೆದುರೇ ಅತ್ತುಬಿಟ್ಟಳು. ಸಾಹೇಬರು ಹೋದ ಮೇಲೆ ಅವಳಿಗೆ ಬಿದ್ದ ಏಟು ನೋಡಿ ನಮಗೆಲ್ಲ ಪಾಠ ಗಟ್ಟಿಯಾಯಿತು.

ಹದಿನೆಂಟು ತುಂಬಿದ ಮೇಲೆ ಒಂದು ಟ್ರಂಕು, ಎರಡು ಸೀರೆ ಕೊಟ್ಟು ಹೊರಗೆ ಕಳಿಸಿದರು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ನನ್ನನ್ನು ಇಳಕಲ್ಲಿನ ನೇಕಾರರ ಮನೆಗೆ, ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ. ಹತ್ತು ವರ್ಷ ನನ್ನ ಮಗ್ಗುಲಲ್ಲೇ ಮಲಗಿದ ಗೆಳತಿಯನ್ನು ಬಾದಾಮಿಯ ಖಾನಾವಳಿಗೆ, ರೊಟ್ಟಿ ಬಡಿಯುವ ಕೆಲಸಕ್ಕೆ. ಇವರಿಬ್ಬರನ್ನು ಅಗಲಿಸುತ್ತಿದ್ದೇವೆ ಎಂಬುದು ಯಾರ ತಲೆಗೂ ಬರಲಿಲ್ಲ.

ಇಳಕಲ್ಲಿನಲ್ಲಿ ಯಜಮಾನರ ಮುದಿ ತಾಯಿ ದಿನಾ ಕೇಳುತ್ತಿದ್ದಳು, ‘ಊಟ ಆತೇನ ತಂಗಿ?’

‘ಆತ್ರೀ ಆಯಿ.’

ಎಲ್ಲಿಯ ಊಟ! ಹಿತ್ತಲಿನ ಒಂದು ಖೋಲಿ ಕೊಟ್ಟು ಅಡುಗೆ ನೀನೇ ಮಾಡಿಕೋ ಅಂದಿದ್ದರು; ನನಗೆ ಸ್ಟೋವ್ ಹೊತ್ತಿಸಲು ಬರುತ್ತಿರಲಿಲ್ಲ. ಅಂಗಡಿಗೆ ಹೋಗಿ ಇಷ್ಟು ಹಿಟ್ಟು ಕೊಡಿ ಅನ್ನಲು ಬಾಯಿ ಬರುತ್ತಿರಲಿಲ್ಲ. ಯಾರೂ ಬೈಯದ, ಯಾರೂ ಗಂಟೆ ಬಾರಿಸದ ಆ ಮನೆಯಲ್ಲಿ ದಿನವಿಡೀ ಸತ್ತರೆ ಸಾಕು ಅನ್ನಿಸುತ್ತಿತ್ತು. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ಐದನೆಯ ದಿನ ರಾಟೆಯ ಮೇಲೇ ಬಿದ್ದೆ. ಮುದುಕಿ ನನ್ನ ಖೋಲಿಗೆ ಬಂದು ಖಾಲಿ ಗಡಿಗೆ ನೋಡಿ ಹೌಹಾರಿದಳು.

‘ಎಂಥಾ ಹುಡುಗಿ ಬೇ ನೀ! ಉಪಾಸ ಕುಂತು ಆತ್ರಿ ಅಂತಿಯಲ್ಲ, ನಿನ್ನ ಬಾಯಾಗ ಮಣ್ಣ ಬೀಳ್ಲಿ!’

ಅಂದಿನಿಂದ ಅವಳು ಕೇಳುವುದನ್ನೇ ಬಿಟ್ಟಳು. ತಾಟು ತಂದು ಮುಂದೆ ಕುಕ್ಕುವಳು, ನಾನು ತಿನ್ನುವವರೆಗೆ ಏಳುತ್ತಿರಲಿಲ್ಲ. ನಾನು ಬದುಕಿದ್ದು ಹಾಗೆ. ಬಾದಾಮಿಯಲ್ಲಿ ಅಂಥ ಮುದುಕಿ ಇರಲಿಲ್ಲ.

ಒಂದು ಮಧ್ಯಾಹ್ನ ಗೆಳತಿ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತಳು. ಗಲ್ಲದ ಎಲುಬು ಎದ್ದಿತ್ತು, ಕೈಯಲ್ಲಿ ಟ್ರಂಕು.

‘ಹ್ಯಾಂಗದೀಯಲೇ?’ ಅಂದೆ.

‘ಆರಾಮ ಅದೀನಿ.’

ಆ ಉತ್ತರ ಎಲ್ಲಿಂದ ಬಂತು ಅಂತ ಗೊತ್ತಿರಬೇಕಾದವಳು ಜಗತ್ತಿನಲ್ಲಿ ನಾನೊಬ್ಬಳೇ. ಆದರೆ ಅಂದು ಕಂಡಿಕೆ ಕಡಿಮೆ ಬಿದ್ದು ಮಗ್ಗ ನಿಂತಿತ್ತು, ಯಜಮಾನರು ಕೂಗಾಡುತ್ತಿದ್ದರು, ನಾನು ರಾಟೆ ಬಿಡಲಿಲ್ಲ. ಅವಳು ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ನೂಲು ಹಿಡಿದುಕೊಟ್ಟಳು. ಆಮೇಲೆ ಕೇಳಿದಳು:

‘ನಿನ್ನ ಖೋಲಿ ಎಷ್ಟ ದೊಡ್ಡದೈತಿ?’

‘ಎಲ್ಲೀ ದೊಡ್ಡದ ಬೇ! ಒಬ್ಬಾಕಿ ಕಾಲ ಚಾಚಿದ್ರ ಗ್ವಾಡಿಗೆ ಬಡಿತಾವು.’

‘ಹೂಂ,’ ಅಂದಳು. ‘ಹಂಗಾರ ನಾ ಹೋಗ್ತೇನಿ.’

‘ಮತ್ತ ಬಾ,’ ಅಂದೆ. ತಲೆ ಎತ್ತಲಿಲ್ಲ.

ಅವಳು ನೇರ ಬಾದಾಮಿಗೆ ಹೋಗಲಿಲ್ಲ. ಬಾಗಲಕೋಟೆಗೆ ಹೋಗಿ ವಸತಿಯ ಗೇಟಿನ ಮುಂದೆ ಟ್ರಂಕಿನ ಮೇಲೆ ಕುಳಿತಿದ್ದಳಂತೆ. ವಯಸ್ಸು ಮೀರಿದವರನ್ನು ಒಳಗೆ ಬಿಡುವ ಹಾಗಿಲ್ಲ ಅಂದರಂತೆ. ‘ಏನರ ತ್ರಾಸ ಐತೇನ?’ ಎಂದು ಅಡುಗೆಯವಳು ಕೇಳಿದ್ದಕ್ಕೆ, ‘ಏನಿಲ್ರಿ, ಸುಮ್ನ ಬಂದಿದ್ದೆ’ ಅಂದಳಂತೆ. ನಾಲ್ಕು ದಿನದ ಮೇಲೆ ಅವಳ ಹೆಣ ಬಾದಾಮಿಯ ಹತ್ತಿರ ಮಲಪ್ರಭೆಯಲ್ಲಿ ಸಿಕ್ಕಿತು. ಸುದ್ದಿ ಕೇಳಿ ನಾನು ಬಾದಾಮಿಗೆ ಓಡುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು.

ಖಾನಾವಳಿಯ ಮಾಲಕ ಅಂದ: ‘ಬಾಯಿ ಬಿಟ್ಟ ಹೇಳಿದ್ರ ನಾವೇನ ಬ್ಯಾಡ ಅಂತಿದ್ವೇನು?’

ಮೈಯೆಲ್ಲ ಉರಿದುಹೋಯಿತು. ‘ನೀವು ಆಕಿ ಮಾರಿ ಒಂದ ಸಲಾನರ ನೋಡಿದ್ರೇನ್ರಿ?’ ಎಂದು ಮಂದಿಯ ಎದುರೇ ಚೀರಾಡಿದೆ. ಅವನಿಗೆ ಬೈದೆ, ವಸತಿಯವರಿಗೆ ಬೈದೆ, ಸಾಹೇಬರಿಗೆ ಬೈದೆ. ಬೈಯುತ್ತಿದ್ದಾಗಲೇ ಅಂದು ಅವಳ ಕೈಯಲ್ಲಿದ್ದ ಟ್ರಂಕು ನೆನಪಾಯಿತು. ಟ್ರಂಕು ಹೊತ್ತುಕೊಂಡು ಯಾರಾದರೂ ಬರೀ ಮಾತಾಡಿಸಲು ಬರುತ್ತಾರೆಯೇ, ಹುಚ್ಚಿ! ಹುಟ್ಟಿದಾಗಿನಿಂದ ಏನನ್ನೂ ಕೇಳದವಳು ಅಂದು ನನ್ನನ್ನು ಕೇಳಿದ್ದಳು.

ಇಳಕಲ್ಲಿಗೆ ಮರಳಿದ ಸಂಜೆ ನನ್ನ ಖೋಲಿಯ ಗಡಿಗೆಗಳನ್ನು ಸರಿಸಿ, ಸ್ಟೋವನ್ನು ಹೊರಗಿಟ್ಟು, ಚಾಪೆ ಹಾಸಿದೆ. ಮುದುಕಿಯಿಂದ ಇನ್ನೊಂದು ಚಾಪೆ ಇಸಿದುಕೊಂಡು ಬಂದು ಅದರ ಮಗ್ಗುಲಿಗೆ ಹಾಸಿದೆ. ಎರಡೂ ಹಿಡಿಸಿದವು.