ಸಿಮ್ ಇಲ್ಲದ ಫೋನು, ಬೀಗ ಹಾಕಿದ ಗೇಟು

2008ರ ಜನವರಿ. ನಾನಾಗ ಮೂಡಿಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೂನಿಯರ್ ಟೆಲಿಕಾಂ ಆಫೀಸರ್. ಸತ್ತ ಲೈನು, ಕದ್ದ ಕೇಬಲ್ಲು, ಬಿಲ್ಲು ಜಾಸ್ತಿ ಬಂತೆಂಬ ಜಗಳ, ಇವೇ ನನ್ನ ದಿನಚರಿ. ಈ ಕೆಲಸದಲ್ಲಿ ಹೆಚ್ಚು ವರ್ಷ ಇದ್ದವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ: ಯಾರು ಏನೇ ಹೇಳಲಿ, ಮೊದಲು ನಂಬದಿರುವುದು. "ನಾವು ಮುಟ್ಟೇ ಇಲ್ಲ ಸಾರ್, ತಾನಾಗೇ ಕೆಟ್ಟೋಯ್ತು" ಎಂದು ಆಣೆ ಇಟ್ಟ ಮನೆಯಲ್ಲೇ ರಿಸೀವರಿನೊಳಗಿಂದ ಕಾಫಿ ಸೋರಿದ್ದನ್ನು ಕಂಡವನು ನಾನು.

ಒಂದು ಸಂಜೆ ಐದರ ಹೊತ್ತಿಗೆ ಹತ್ತಿರದ ಪೊಲೀಸ್ ಠಾಣೆಯಿಂದ ಫೋನ್ ಬಂತು. "ಸ್ಯಾಟಲೈಟ್ ಫೋನ್ ಸಿಕ್ಕಿದೆ. ನೀವು ಬಂದು ನೋಡಿ ಬರ್ಕೊಡ್ಬೇಕು" ಎಂದರು ಸಬ್ ಇನ್ಸ್‌ಪೆಕ್ಟರ್. ಸ್ಯಾಟಲೈಟ್ ಫೋನಿಗೆ ಟವರ್ ಬೇಡ, ಅದು ನೇರವಾಗಿ ಉಪಗ್ರಹದ ಮೂಲಕ ಮಾತಾಡುತ್ತದೆ. ಅನುಮತಿಯಿಲ್ಲದೆ ಇಟ್ಟುಕೊಂಡರೆ ನಮ್ಮ ದೇಶದಲ್ಲಿ ಅಪರಾಧ. ಕುದುರೆಮುಖದ ಕಡೆಯ ಕಾಡುಗಳಲ್ಲಿ ನಕ್ಸಲರ ಹುಡುಕಾಟ ನಡೆಯುತ್ತಿದ್ದ ಕಾಲ ಅದು. ಅಪರಿಚಿತನೊಬ್ಬ ಬೆನ್ನಿಗೆ ಚೀಲ ಹಾಕಿಕೊಂಡು ನಡೆದರೆ ಸಾಕು, ಬಸ್‌ಸ್ಟ್ಯಾಂಡಿನಲ್ಲಿ ಗುಸುಗುಸು ಶುರುವಾಗುತ್ತಿತ್ತು.

ಠಾಣೆಯ ಬೆಂಚಿನ ಮೇಲೆ ಉದ್ದನೆಯ ವಿದೇಶಿಯೊಬ್ಬ ಕೂತಿದ್ದ. ಹೆಸರು ಯಾನ್, ಹಾಲೆಂಡಿನವನು. ಅಂಗಿ ಹರಿದಿತ್ತು, ಮಂಡಿಯವರೆಗೆ ಮಣ್ಣು. ಪಕ್ಕದಲ್ಲಿ ಅವನನ್ನು ಹಿಡಿದು ತಂದ ಗಣಪಯ್ಯ ನಿಂತಿದ್ದರು. ಅವರು ಅಲ್ಲೇ ಹತ್ತಿರದ ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಕಣದ ಕಾವಲು, ಗೇಟಿನ ಬೀಗ ಎಲ್ಲ ಅವರದೇ ಜವಾಬ್ದಾರಿ.

"ಗೇಟ್ ಹಾರ್ತಿದ್ದ ಸಾರ್" ಎಂದರು ಗಣಪಯ್ಯ. "ಕಣದಲ್ಲಿ ಕಾಫಿ ಒಣಗೋ ಟೈಮಲ್ಲಿ ಗೇಟ್ ಹಾರೋನು ಯಾರು, ನೀವೇ ಹೇಳಿ? ಹಿಡ್ಕೊಂಡ್ರೆ ಈ ಫೋನ್ ತೋರ್ಸಿ ಏನೇನೋ ಒದರ್ದ."

ಫೋನು ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿಟ್ಟಿತ್ತು. ಬ್ಯಾಟರಿ ಬೇರೆ, ಫೋನು ಬೇರೆ. ಆನ್ ಮಾಡಿದರೆ ಎಲ್ಲಿಗಾದರೂ ಸಿಗ್ನಲ್ ಹೋದೀತೆಂದು ಸಬ್ ಇನ್ಸ್‌ಪೆಕ್ಟರಿಗೆ ಭಯ. "ಒಳಗೆ ಸಿಮ್ಮೇ ಇಲ್ಲ. ಆದ್ರೂ ಮ್ಯಾಪಲ್ಲಿ ಇವನಿದ್ದ ಜಾಗಕ್ಕೆ ಸರಿಯಾಗಿ ಚುಕ್ಕೆ ತೋರಿಸ್ತು. ಟವರಿಲ್ದೆ, ಸಿಮ್ಮಿಲ್ದೆ ಅದಕ್ಕೆ ಹೇಗ್ರೀ ಗೊತ್ತಾಗತ್ತೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಜಿಪಿಎಸ್ ಇರುವ ಮೊಬೈಲು ನಮ್ಮ ಕಡೆ ಅಪರೂಪ. ನಾನೂ ಟ್ರೇನಿಂಗಿನಲ್ಲಿ ಕೇಳಿದ್ದೆನೇ ಹೊರತು ಕೈಯಲ್ಲಿ ಹಿಡಿದಿರಲಿಲ್ಲ. ಗೊತ್ತಿದ್ದಷ್ಟು ಹೇಳಿದೆ: ಉಪಗ್ರಹಗಳು ಸಂಕೇತ ಕಳಿಸುತ್ತಲೇ ಇರುತ್ತವೆ, ಈ ಫೋನು ಅದನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ, ರೇಡಿಯೋ ಕೇಳಿದ ಹಾಗೆ. ತಿರುಗಿ ಮಾತಾಡುವುದಿಲ್ಲ. ನಕ್ಷೆಯನ್ನು ಅವನು ತನ್ನ ಊರಲ್ಲೇ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬಂದಿರಬೇಕು, ಇಂಟರ್‌ನೆಟ್ ಬೇಕಿಲ್ಲ. ರೋಮಿಂಗ್ ದುಬಾರಿಯೆಂದು ಸಿಮ್ ತೆಗೆದಿಟ್ಟಿರಬೇಕು.

"ಹಾಗಂತ ಬರೆದು ಸಹಿ ಹಾಕಿ."

ಪೆನ್ನು ಹಿಡಿದವನು ತಡೆದೆ. ಸಹಿಯೆಂದರೆ ನೌಕರಿ. ಅಲ್ಲದೆ ನನಗೂ ಅನುಮಾನವಿತ್ತು. ನೋಡಲು ಬೇಕಾದಷ್ಟು ಜಾಗ ಇರುವಾಗ ಈ ಪುಣ್ಯಾತ್ಮ ಇನ್ನೊಬ್ಬರ ತೋಟದೊಳಗೆ ಯಾಕೆ ನುಗ್ಗಿದ? ಅಷ್ಟರಲ್ಲಿ ಯಾನ್ ನನ್ನ ತೋಳು ಹಿಡಿದುಕೊಂಡ. ಹೆಂಡತಿ, ಕಾಲು, ತೋಟ ಎಂಬ ಮೂರು ಇಂಗ್ಲಿಷ್ ಪದಗಳನ್ನೇ ತಿರುತಿರುಗಿ ಹೇಳಿದ.

"ಆ ಕಥೆ ಬಂದಾಗಿಂದ ಹೇಳ್ತಿದ್ದಾನೆ" ಎಂದರು ಸಬ್ ಇನ್ಸ್‌ಪೆಕ್ಟರ್.

"ಒಳಗೆ ಯಾರೂ ಇಲ್ಲ ಸಾರ್" ಎಂದರು ಗಣಪಯ್ಯ. "ಹೊರಗಿನಾಳು ಗೇಟ್ ದಾಟಿದ್ರು, ಲೈನಿನೋರು ಲೈನಿಗೆ ಹೋದ್ರು. ನಾನೇ ನೋಡಿ ಬೀಗ ಹಾಕಿದ್ದು." ಲೈನ್ ಎಂದರೆ ತೋಟದೊಳಗೇ ಕಾಯಂ ಕೆಲಸಗಾರರಿಗೆ ಕಟ್ಟಿಕೊಟ್ಟ ಸಾಲುಮನೆ.

ಇವನು ಸುಳ್ಳು ಹೇಳುತ್ತಿದ್ದರೆ ಜೈಲಿಗೆ ಹೋಗುತ್ತಾನೆ, ಹೋಗಲಿ. ನಿಜ ಹೇಳುತ್ತಿದ್ದರೆ? ಇನ್ನೇನು ಕತ್ತಲಾಗುತ್ತದೆ, ಆ ತೋಟಕ್ಕೆ ಹಿಂದಿನ ವಾರವಷ್ಟೇ ಆನೆ ಇಳಿದಿತ್ತು. ನಾನು ಪೆನ್ನು ಕೆಳಗಿಟ್ಟೆ.

"ಸಾರ್, ಈಗ ಬರ್ಕೊಡಲ್ಲ. ಈ ಫೋನು, ಇವನು, ನಾನು, ಎಲ್ಲರನ್ನೂ ಜೀಪಿಗೆ ಹಾಕ್ಕೊಂಡು ಅವನು ತೋರ್ಸೋ ಜಾಗಕ್ಕೆ ನಡೀರಿ. ಅಲ್ಲಿ ಹೆಂಗಸು ಇದ್ರೆ ನಿಮಗೆ ನನ್ನ ಸಹಿ ಬೇಡ. ಇಲ್ದಿದ್ರೆ ನೀವು ಇವನ ಮೇಲೆ ಏನು ಬರೆದ್ರೂ ಸಹಿ ಹಾಕ್ತೀನಿ."

ಜೀಪಿನಲ್ಲಿ ಯಾನ್ ಬ್ಯಾಟರಿ ಹಾಕಿ ಫೋನನ್ನು ಹೊರಗೆ ಚಾಚಿ ಹಿಡಿದ. ಸಬ್ ಇನ್ಸ್‌ಪೆಕ್ಟರ್ ಕೂಡ ಒಮ್ಮೆ ಬಗ್ಗಿ ಆಕಾಶ ನೋಡಿದರು. ನಗು ಬಂದರೂ ನುಂಗಿಕೊಂಡೆ. ಚುಕ್ಕೆ ಮೂಡಿತು, ನಮ್ಮ ಜೊತೆಗೇ ಸರಿಯತೊಡಗಿತು. ಎಸ್ಟೇಟಿನ ಗೇಟಿನ ಹತ್ತಿರ ಬಂದಾಗ ನಕ್ಷೆಯಲ್ಲಿ ತೋಟದ ನಡುವೆ ಒಂದು ರಸ್ತೆ ಆಚೆ ಊರಿನವರೆಗೆ ನೆಟ್ಟಗೆ ಹೋಗಿತ್ತು. ಗಣಪಯ್ಯನವರಿಗೆ ಪಿತ್ತ ನೆತ್ತಿಗೇರಿತು. "ಇದು ರಸ್ತೆಯಾ? ನಮ್ಮ ಟ್ರ್ಯಾಕ್ಟರ್ ಹೋಗೋ ದಾರಿ ಮಾರಾಯ! ಇದನ್ನ ಮ್ಯಾಪಿಗೆ ಹಾಕಿದೋನು ಯಾವನು?"

ಆಗ ನನಗೆ ವಿಷಯ ಹೊಳೆಯಿತು. ಹಗಲೆಲ್ಲ ಕೊಯ್ಲಿನ ಆಳುಗಳಿಗೆಂದು ಗೇಟು ತೆರೆದಿರುತ್ತದೆ. ಗಂಡ ಹೆಂಡತಿ ನಕ್ಷೆ ನಂಬಿ ಒಳಗೆ ಹೋಗಿದ್ದಾರೆ. ಅವಳ ಕಾಲಿಗೆ ಪೆಟ್ಟಾಗಿ, ಸಹಾಯ ಹುಡುಕಿ ಇವನು ಒಳಗಿಂದ ಗೇಟಿಗೆ ವಾಪಸು ಬರುವಷ್ಟರಲ್ಲಿ ಬೀಗ ಬಿದ್ದಿದೆ.

ಯಾನ್ ಫೋನಿನ ನಕ್ಷೆಯಲ್ಲಿ ಗುರುತು ಹಾಕಿದ್ದ ಜಾಗದಲ್ಲಿ ಒಂದು ತೊಟ್ಟಿಲು ಗುಂಡಿಯಿತ್ತು, ಮಳೆನೀರು ಇಂಗಲೆಂದು ಕಾಫಿ ಗಿಡಗಳ ನಡುವೆ ತೋಡುವ ಉದ್ದನೆಯ ಗುಂಡಿ. ಮೇಲೆ ತರಗೆಲೆ ತುಂಬಿದರೆ ಹೊಸಬರಿಗೆ ಕಾಣುವುದೇ ಇಲ್ಲ. ಎಲೆಯೆಲ್ಲ ಕದಡಿತ್ತು. ಒಂದು ನೀರಿನ ಬಾಟಲಿ ಬಿದ್ದಿತ್ತು. ಹೆಂಗಸು ಇರಲಿಲ್ಲ.

"ಏವಾ! ಏವಾ!" ಎಂದು ಯಾನ್ ಕೂಗಿದ. ಉತ್ತರವಿಲ್ಲ. ಸಬ್ ಇನ್ಸ್‌ಪೆಕ್ಟರ್ ಅವನ ರಟ್ಟೆ ಹಿಡಿದು ನನ್ನ ಮುಖ ನೋಡಿದರು. ಮೋಸ ಹೋದೆನೆ?

ಸುತ್ತ ನೋಡಿದಾಗ ಇಳಿಜಾರಿನ ಕೆಳಗೆ ಲೈನ್ ಕಾಣಿಸಿತು. ಕೆಲಸ ಬಿಟ್ಟು ಬಂದ ಹೊತ್ತಿನಲ್ಲಿ ಲೈನ್ ಎಂದರೆ ಗಲಾಟೆ: ಬಚ್ಚಲ ಹೊಗೆ, ಒಲೆ, ರೇಡಿಯೋ. ಅಲ್ಲಿ ಎಲ್ಲ ಬಾಗಿಲೂ ಮುಚ್ಚಿತ್ತು. ಹೊಗೆಯೇ ಇಲ್ಲ. ಜೀಪಿನ ಸದ್ದಿಗೆ ಉಸಿರು ಬಿಗಿಹಿಡಿದು ಕೂತಿದ್ದಾರೆಂದು ನನ್ನ ಅನುಮಾನದ ಬುದ್ಧಿಗೆ ತಟ್ಟನೆ ಅನ್ನಿಸಿತು. ಉಳಿದವರನ್ನು ಹಿಂದೆ ನಿಲ್ಲಿಸಿ ಕೊನೆಯ ಮನೆಯ ಬಾಗಿಲು ಬಡಿದೆ.

"ಯಾರು?" ಹೆಂಗಸಿನ ದನಿ.

"ಪೊಲೀಸ್ ಅಲ್ಲಮ್ಮ, ಟೆಲಿಫೋನ್‌ನೋನು."

"ನಮ್ಮಲ್ಲೆಲ್ಲಿದೆ ಫೋನು?" ಆಮೇಲೆ ದನಿ ತಗ್ಗಿಸಿ, "ರೈಟ್ರು ಬಂದಿದಾರಾ?"

"ದೂರ ನಿಂತಿದಾರೆ."

"ಹೊರಗಿನೋರನ್ನ ಲೈನಿಗೆ ಸೇರಿಸಿದ್ರೆ ಕೆಲಸ ಇಲ್ಲ ಅಂದಿದಾರೆ. ತೆಗೀತಾರಾ?"

ಕಾಫಿ ಕಳುವಾಗದಿರಲೆಂದು ಗಣಪಯ್ಯ ಪ್ರತಿ ಸೀಸನ್ನಿನಲ್ಲೂ ಹಾಕುತ್ತಿದ್ದ ಕಟ್ಟಪ್ಪಣೆ ಅದು. ಅದಕ್ಕೆ ಉತ್ತರ ಕೊಡುವ ಅಧಿಕಾರ ನನಗಿರಲಿಲ್ಲ. ತಿರುಗಿ ಅವರ ಕಡೆ ನೋಡಿದೆ. ಅವರು ತಲೆ ಕೆರೆದುಕೊಂಡರು, ಆಮೇಲೆ ಕೂಗಿದರು: "ತೆಗೆಯಲ್ಲ ಮಾರಾಯ್ತಿ, ಬಾಗಿಲು ತೆಗಿ!"

ಬಾಗಿಲು ತೆರೆದವಳು ಗಿರಿಜ, ಕಾಫಿ ಹಣ್ಣು ಕೊಯ್ಯುವ ಆಳು. ಒಳಗೆ ಚಾಪೆಯ ಮೇಲೆ ಏವಾ ಕೂತಿದ್ದಳು. ಪಾದಕ್ಕೆ ಎರಡು ಕಡ್ಡಿ ಕೊಟ್ಟು ಹಳೇ ಸೀರೆಯ ಬಟ್ಟೆ ಸುತ್ತಿತ್ತು, ಕೈಯಲ್ಲಿ ಕಾಫಿಯ ಲೋಟ. ಗಂಡನನ್ನು ಕಂಡದ್ದೇ ಲೋಟ ಬಿದ್ದುಹೋಯಿತು. ಯಾನ್ ಅವಳ ಪಕ್ಕ ಕುಸಿದು ಮಗುವಿನಂತೆ ಅತ್ತ.

ಸಬ್ ಇನ್ಸ್‌ಪೆಕ್ಟರ್ ಆದರೂ ಕೇಳಿದರು: "ಯಾರು ಏನು ಅಂತ ವಿಚಾರಿಸ್ದೆ ಹೇಗಮ್ಮ ಒಳಗೆ ಕರ್ಕೊಂಡೆ?"

"ಭಾಷೆ ಬರಲ್ಲ, ಏನಂತ ವಿಚಾರಿಸ್ಲಿ ಸಾರ್?" ಎಂದಳು ಗಿರಿಜ. "ಗುಂಡೀಲಿ ಬಿದ್ದಿದ್ಲು, ಕಾಲು ಊದಿತ್ತು. ಕಾಣ್ತಿತ್ತಲ್ಲ."

ಅದೇ ಜೀಪಿನಲ್ಲಿ ಏವಾಳನ್ನು ಆಸ್ಪತ್ರೆಗೆ ಸಾಗಿಸಿದೆವು. ಸಹಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಗಣಪಯ್ಯ ಮಾತಿಗೆ ತಪ್ಪಲಿಲ್ಲ, ಆ ಸೀಸನ್ ಪೂರ್ತಿ ಗಿರಿಜ ಅದೇ ತೋಟದಲ್ಲಿ ಕೊಯ್ಲು ಮಾಡಿದಳು.

ನಿವೃತ್ತಿಯಾಗುವವರೆಗೂ ನನ್ನ ಅನುಮಾನದ ಬುದ್ಧಿ ಬಿಡಲಿಲ್ಲ, ಬಿಡಬೇಕೆಂದೂ ಅನ್ನಿಸಲಿಲ್ಲ. ಮುಚ್ಚಿದ ಬಾಗಿಲು ಕಣ್ಣಿಗೆ ಬಿದ್ದದ್ದು ಅದರಿಂದಲೇ. ಆದರೆ ಆ ಸಂಜೆ ಕೆಲಸ ಮಾಡುವ ಕ್ರಮವನ್ನು ಕಲಿಸಿತು. ಯಂತ್ರವನ್ನು ನಾಳೆಯೂ ವಿಚಾರಿಸಬಹುದು, ಅದು ಮೇಜಿನ ಮೇಲೆ ಬಿದ್ದಿರುತ್ತದೆ. ಗುಂಡಿಯಲ್ಲಿ ಬಿದ್ದವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.