ಶಾಲು ಹೊದಿಸಿ ನಕ್ಕ ಸಭೆ

ಸನ್ಮಾನ ಮಾಡುವ ಚಟ ಸಮುದ್ರ ದಾಟಿದರೂ ನಮ್ಮವರನ್ನು ಬಿಟ್ಟಿಲ್ಲ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಮೊದಲೇ ತಂದಿಟ್ಟುಕೊಂಡು ಆಮೇಲೆ ಅವನ್ನು ಹೊರುವ ತಲೆ ಹುಡುಕುತ್ತಾರೆ. ಈ ಸಲದ ರಾಜ್ಯೋತ್ಸವಕ್ಕೆ ಹ್ಯೂಸ್ಟನ್ ಪಕ್ಕದ ಸೈಪ್ರೆಸ್ಸಿನ ನಮ್ಮ ಕನ್ನಡ ಸಂಘದವರಿಗೆ ಸಿಕ್ಕಿದ್ದು ನನ್ನ ಪಕ್ಕದ ಮನೆಯ ಅಜ್ಜಿ.

ಅಜ್ಜಿ ಯಹೂದಿ. ತೊಂಬತ್ತೈದು ದಾಟಿದೆ. ನಾಜಿಗಳು ಬಂದಾಗ ಚಿಕ್ಕ ಹುಡುಗಿ, ಚಿಕ್ಕಮ್ಮನ ಕೈ ಹಿಡಿದು ವಿಯೆನ್ನಾದಿಂದ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋದವರು. ಅಪ್ಪ, ಅಮ್ಮ, ಪುಟ್ಟ ತಮ್ಮ ಅಲ್ಲೇ ಉಳಿದರು. ಮತ್ತೆ ಅವರನ್ನು ನೋಡಲಿಲ್ಲ. ಮದುವೆಯಾಗಿ ಹ್ಯೂಸ್ಟನ್‌ಗೆ ಬಂದ ಮೇಲೂ ಈ ವಿಷಯವನ್ನು ನಾಲ್ಕು ಜನರ ಮುಂದೆ ಆಡಿದವರಲ್ಲ. ನನಗೆ ಹೇಳಿದ್ದೂ ತುಂಡು ತುಂಡಾಗಿ, ಸಂಜೆ ಗಿಡಗಳಿಗೆ ನೀರು ಹಾಕುತ್ತಾ.

"ಎಲ್ಲರೂ ಸೈನಿಕರ ಬೂಟುಗಳ ಬಗ್ಗೆ ಕೇಳ್ತಾರೆ," ಅಂದಿದ್ದರು ಒಮ್ಮೆ. "ನನಗೆ ಮೊದಲು ನೆನಪಾಗೋದು ನಗು. ಕ್ಲಾಸಿನಲ್ಲಿ ಟೀಚರ್ ನನ್ನ ಯಹೂದಿ ಮೂಗಿನ ಮೇಲೆ ಒಂದು ಜೋಕ್ ಮಾಡಿದರು. ಹಿಂದಿನ ದಿನ ನನ್ನ ಬ್ರೆಡ್ಡಿನಲ್ಲಿ ಪಾಲು ತಿಂದವಳೂ ನಕ್ಕಳು. ಮಿಕ್ಕಿದ್ದೆಲ್ಲ ಆಮೇಲೆ ಬಂತು."

ಸಂಘದ ಕರೆ ತಿಳಿಸಿದಾಗ ಅವರು ಕೇಳಿದ್ದು ಒಂದೇ: "ಮಕ್ಕಳು ಇರ್ತಾರಾ?" ಇರುತ್ತಾರೆ ಅಂದೆ. "ಹಾಗಾದರೆ ಮಾತಾಡ್ತೀನಿ. ನನ್ನ ತಮ್ಮ ಅಂತ ಒಬ್ಬ ಇದ್ದ ಅನ್ನೋದು ಗೊತ್ತಿರೋಳು ಈಗ ನಾನೊಬ್ಬಳೇ." ವಾರವೆಲ್ಲ ವರಾಂಡದಲ್ಲಿ ಕೂತು ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದರು. ಹತ್ತು ನಿಮಿಷ ಕೊಡುತ್ತೇವೆಂದು ಅಧ್ಯಕ್ಷರು ಫೋನಿನಲ್ಲಿ ಒಪ್ಪಿದ್ದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ದೀಪ ಬೆಳಗಿದ್ದಾಯಿತು, ಪ್ರಾಯೋಜಕರ ಭಾಷಣಗಳಾದವು, ಒಂದರ ಹಿಂದೊಂದು ಡ್ಯಾನ್ಸ್ ಆಯಿತು. ಆಮೇಲೆ ಪರದೆಯ ಹಿಂದೆ ಕಾಯುತ್ತಿದ್ದ ನಮ್ಮ ಹತ್ತಿರ ಕಾರ್ಯದರ್ಶಿ ಬಂದು ನನ್ನ ಕಿವಿಯಲ್ಲಿ ಹೇಳಿದ.

"ಆಂಟಿ, ತುಂಬಾ ಲೇಟಾಗಿದೆ. ಬರೀ ಸನ್ಮಾನ ಮಾಡಿ ಮುಗಿಸಿಬಿಡೋಣ. ಊಟ ಬೇರೆ ತಣ್ಣಗಾಗ್ತಿದೆ."

"ಮಾತಾಡ್ಲಿ ಅಂತ ತಾನೇ ಕರೆದಿದ್ದು?"

"ಫೋಟೋ ಚೆನ್ನಾಗಿ ಬರುತ್ತೆ ಬಿಡಿ ಆಂಟಿ."

ನನಗೆ ಮೈಯೆಲ್ಲ ಉರಿಯಿತು. ಒಂದು ಜೀವ ಇಷ್ಟು ವರ್ಷ ನುಂಗಿಕೊಂಡಿದ್ದ ಮಾತಿಗಿಂತ ಇವನಿಗೆ ಬಿಸಿಬೇಳೆಬಾತ್ ಹೆಚ್ಚು.

ವೇದಿಕೆಗೆ ಅಜ್ಜಿಯನ್ನು ನಾನೇ ಕೈಹಿಡಿದು ಕರೆದುಕೊಂಡು ಹೋದೆ. ಶಾಲು ಹೊದಿಸಿದರು. ಪೇಟ ಕಿವಿಯವರೆಗೂ ಜಾರಿತು. ಹಣ್ಣಿನ ಬುಟ್ಟಿ ಕೈಗೆ ಬಂತು. ಅಷ್ಟಕ್ಕೆ ಬಿಡಬಾರದೇ? ಕಾರ್ಯದರ್ಶಿಗೆ ಸಭೆಯನ್ನು ನಗಿಸಬೇಕಿತ್ತು. "ಟೈಮ್ ವಿಷಯದಲ್ಲಿ ನಮ್ಮ ಅಧ್ಯಕ್ಷರು ಥೇಟ್..." ಎಂದು ಒಂದು ಹೆಸರು ಹೇಳಿದ. ಜರ್ಮನಿಯ ಆ ಸರ್ವಾಧಿಕಾರಿಯ ಹೆಸರು. ಅದನ್ನು ನಾನು ಬರೆಯುವುದಿಲ್ಲ. ನಮ್ಮಲ್ಲಿ ಹೆಡ್‌ಮಾಸ್ಟರಿಗೆ, ಹಾಸ್ಟೆಲ್ ವಾರ್ಡನ್ನಿಗೆ, ಹೆತ್ತ ಅಪ್ಪನಿಗೂ ಅಂಟಿಸುವ ಅಡ್ಡಹೆಸರು ಅದು. ಸಭೆ ಹೋ ಎಂದು ನಕ್ಕಿತು. ಅಧ್ಯಕ್ಷರೂ ಹೆಮ್ಮೆಯಿಂದ ನಕ್ಕರು.

ಅಷ್ಟು ಹೊತ್ತಿನ ಕನ್ನಡದಲ್ಲಿ ಅಜ್ಜಿಗೆ ಅರ್ಥವಾದ ಪದ ಅದೊಂದೇ. ಆ ಹೆಸರು, ಅದರ ಹಿಂದೆಯೇ ಇಡೀ ಸಭಾಂಗಣದ ನಗು.

"ಯಾಕೆ ನಕ್ಕರು?" ಎಂದು ನನ್ನನ್ನು ಕೇಳಿದರು. ಏನಾದರೂ ಸುಳ್ಳು ಹೇಳಬಹುದಿತ್ತು. ಇವರ ಮಾನ ಉಳಿಸಲು ನಾನೇಕೆ ಸುಳ್ಳು ಹೇಳಲಿ? ಸ್ಟ್ರಿಕ್ಟ್ ಆಗಿರುವವರನ್ನು ನಮ್ಮ ಜನ ಹಾಗೆ ಕರೆಯುತ್ತಾರೆ ಅಂದೆ.

ಅಜ್ಜಿ ಬುಟ್ಟಿಯನ್ನು ಕೆಳಗಿಟ್ಟರು. ಪೇಟ ತೆಗೆದು ಅದರ ಮೇಲಿಟ್ಟರು. ಮೈಕಿಗೆ ಕೈ ಚಾಚಿದರೆ ಕಾರ್ಯದರ್ಶಿ ವಾಚು ನೋಡಿದ. ಮರ್ಯಾದೆ ಮನೆ ಹಾಳಾಗಲಿ ಎಂದು ಅವನ ಕೈಯಿಂದ ಮೈಕ್ ಕಿತ್ತು ಅವರಿಗೆ ಕೊಟ್ಟೆ.

ವಾರವೆಲ್ಲ ಅಭ್ಯಾಸ ಮಾಡಿದ್ದು ಯಾವುದನ್ನೂ ಅವರು ಹೇಳಲಿಲ್ಲ. "ನನ್ನ ತಮ್ಮನಿಗೆ ನಾಲ್ಕು ವರ್ಷ," ಎಂದರು ಇಂಗ್ಲಿಷಿನಲ್ಲಿ. "ಕೋಟಿನ ಗುಂಡಿ ಹಾಕಿಕೊಳ್ಳೋಕೆ ಬರ್ತಿರಲಿಲ್ಲ, ನಾನೇ ಹಾಕ್ತಿದ್ದೆ. ಅವನನ್ನು ಕೊಲ್ಲಿಸಿದವನು ಸ್ಟ್ರಿಕ್ಟ್ ಆಗಿರಲಿಲ್ಲ."

ಮೈಕ್ ನನ್ನ ಕೈಗೆ ಬಂತು. ಊಟದ ವಾಸನೆ ಒಳಗೆ ಬರುತ್ತಿದ್ದರೂ ಯಾರೂ ಏಳಲಿಲ್ಲ.

ಕಾರಿನ ಹತ್ತಿರ ಕಾರ್ಯದರ್ಶಿ ಬುಟ್ಟಿ ಹಿಡಿದು ಓಡಿ ಬಂದ. "ಇದನ್ನ ಬಿಟ್ಟು ಬಂದ್ರಿ. ತಮಾಷೆಗೆ ಅಂದಿದ್ದು ಆಂಟಿ, ಅವರಿಗೆ ಸ್ವಲ್ಪ ಹೇಳಿ."

"ಅವರ ಟೀಚರ್ ಕೂಡ ತಮಾಷೆಗೇ ಅಂದಿದ್ದು," ಎಂದೆ. ಬುಟ್ಟಿಯನ್ನು ಅವನ ಕೈಯಲ್ಲೇ ಬಿಟ್ಟು ಕಾರು ಹೊರಡಿಸಿದೆ.