ಚಿಕ್ಕಮುನಿಯಪ್ಪನ ಊಟದ ಹೊತ್ತು

ಅತ್ತಿಗುಪ್ಪೆಯ ಚಿಕ್ಕಮುನಿಯಪ್ಪ ಮಾಗಡಿ ರಸ್ತೆಯ ಬಟ್ಟೆ ಗಿರಣಿಯಲ್ಲಿ ಎರಡು ಮಗ್ಗ ನಡೆಸುತ್ತಿದ್ದ. ಮಧ್ಯಾಹ್ನ ಸೈರನ್ ಕೂಗಿದರೆ ಊಟಕ್ಕೆ ನಮಗೆ ಸಿಗುತ್ತಿದ್ದದ್ದು ಅರ್ಧ ಗಂಟೆ. ಅವನು ಐದು ನಿಮಿಷಕ್ಕೆ ಎರಡು ಮುದ್ದೆ ಇಳಿಸಿ, ಉಳಿದ ಹೊತ್ತು ಬೇವಿನ ಮರದ ಕೆಳಗೆ ಕಾಲು ಚಾಚಿಕೊಂಡು, ಅನ್ನ ಅಗಿಯುತ್ತ ಕೂತವರನ್ನು ಗೇಲಿ ಮಾಡುತ್ತಿದ್ದ. "ಎಮ್ಮೆ ಮೆಲುಕು ಹಾಕ್ದಂಗೆ ಹಾಕ್ತೀರಲ್ರೋ."

ಸಾವಿರದೊಂಬೈನೂರ ಐವತ್ಮೂರರಲ್ಲಿ ಅವನ ಗಂಟಲಲ್ಲಿ ಹುಣ್ಣಾಯಿತು. ಕ್ಯಾನ್ಸರ್ ಅಂದರು. ಮದರಾಸಿಗೆ ಹೋಗಿ ಎರಡು ತಿಂಗಳು ಕುತ್ತಿಗೆಗೆ ಕರೆಂಟು ಹಿಡಿಸಿಕೊಂಡು ಬಂದ. ಎಕ್ಸ್‌ರೇ ಚಿಕಿತ್ಸೆಗೆ ನಾವೆಲ್ಲ ಹಾಗೇ ಅನ್ನುತ್ತಿದ್ದೆವು. ಹುಣ್ಣು ಹೋಯಿತು. ಬಾಯಿಯ ಜೊಲ್ಲೂ ಹೋಯಿತು. ಕುತ್ತಿಗೆ ಒಣಗಿದ ತೊಗಲಿನಂತೆ ಬಿಗಿಯಿತು.

ನೀರಿನಂಥದ್ದು ಸಲೀಸಾಗಿ ಇಳಿಯುತ್ತದೆಂದು ನಾವು ತಿಳಿದಿದ್ದೆವು. ಕೆಲಸಕ್ಕೆ ಬಂದ ಮೊದಲ ದಿನವೇ ಯಾರೋ ಮಜ್ಜಿಗೆ ಕುಡಿಸಿದರು. ಅದು ಉಸಿರಿನ ದಾರಿಗೆ ನುಗ್ಗಿ, ಮುಖ ಕಪ್ಪಿಡುವ ತನಕ ಕೆಮ್ಮಿದ. ದಾರಿ ಹುಡುಕಿದವಳು ಅವನ ಹೆಂಡತಿ ನೀಲಮ್ಮ. ಎಳೆಮಕ್ಕಳಿಗೆ ಮಾಡುವ ರಾಗಿ ಸರಿ, ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ, ಮೇಲೆ ತುಪ್ಪ. ಒಂದು ಚಮಚ ಬಾಯಿಗಿಟ್ಟು, ಗದ್ದ ಎದೆಗೆ ಒತ್ತಿ ನುಂಗಬೇಕು. ಮತ್ತೊಮ್ಮೆ ನುಂಗಬೇಕು. ಕೆಮ್ಮಿ ನೋಡಬೇಕು. ಆಮೇಲೆ ಇನ್ನೊಂದು ಚಮಚ. ಒಂದು ಬಟ್ಟಲಿಗೆ ಒಂದು ಗಂಟೆ.

ಊಟ ಮುಗಿಯಿತೆಂದು ಮತ್ತೆ ಸೈರನ್ ಕೂಗಿದ ಮೇಲಿನ ಅರ್ಧ ಗಂಟೆ ಪಕ್ಕದ ಮಗ್ಗದ ಮರಿಯಪ್ಪ ಇವನ ಮಗ್ಗಗಳನ್ನೂ ನೋಡಿಕೊಂಡ. ಒಂದು ವಾರ ನಡೆಯಿತು. ಮ್ಯಾನೇಜರ್ ಚಕ್ರಪಾಣಿ ಹಿಡಿದರು.

"ಏನಯ್ಯಾ, ಇದು ಗಿರಣೀನೋ, ಬಾಣಂತಿ ಕೋಣೆನೋ?"

"ಗಂಟ್ಲು, ಸಾರ್." ದನಿಗಿಂತ ಗಾಳಿಯೇ ಹೆಚ್ಚು ಬಂತು.

"ಗಂಟ್ಲು ನಿಂದು. ಮಗ್ಗ ಕಂಪನೀದು." ಅಂದಿನಿಂದ ಅವನು ಅರ್ಧ ಬಟ್ಟಲಿಗೇ ಎದ್ದು ಮಗ್ಗಕ್ಕೆ ಹೋಗುತ್ತಿದ್ದ.

ಐವತ್ತೈದರಲ್ಲಿ ಮುಷ್ಕರ ಹೂಡಿದೆವು. ಬೇಡಿಕೆಗಳ ಪಟ್ಟಿ ಬರೆದವನು ನಾನು. ಏಳನೆಯದು, ಕಾಯಿಲೆಯಿಂದ ಎದ್ದು ಬಂದವರಿಗೆ ಊಟಕ್ಕೆ ಒಂದು ಗಂಟೆ. ಹತ್ತೊಂಬತ್ತು ದಿನ ಗೇಟಿನ ಮುಂದೆ ಕೂತೆವು. ಸೈರನ್ ಇಲ್ಲದ ಆ ದಿನಗಳಲ್ಲಿ ಮುನಿಯಪ್ಪ ಬಟ್ಟಲು ಪೂರ್ತಿ ಉಂಡ. ಕೆನ್ನೆ ತುಸು ತುಂಬಿಕೊಂಡಿತು.

"ಮುಷ್ಕರದಲ್ಲಿ ದಪ್ಪಗಾದೋನು ನೀನೊಬ್ನೇ ಕಣೋ," ಎಂದ ಮರಿಯಪ್ಪ.

"ಇನ್ನೊಂದ್ ತಿಂಗ್ಳು ಕೂರ್ಸಿ," ಎಂದು ನಕ್ಕ. ನಕ್ಕರೂ ಕೆಮ್ಮು ಬರುತ್ತಿತ್ತು.

ಇಪ್ಪತ್ತನೇ ದಿನ ಚಕ್ರಪಾಣಿ ನನ್ನನ್ನು ಮಾತಿಗೆ ಕರೆದರು. ಮುಷ್ಕರ ಹೂಡಿದ್ದಕ್ಕೆ ಡಿಸ್ಮಿಸ್ ಆದ ಹನ್ನೊಂದು ಜನರನ್ನು ವಾಪಸು ತೆಗೆದುಕೊಳ್ಳುತ್ತೇವೆ, ಏಳನೆಯದನ್ನು ಬಿಡಿ, ಅದಕ್ಕೆ ಒಪ್ಪಿದರೆ ಇಂಥವರು ಇನ್ನೂ ನೂರು ಜನ ಹುಟ್ಟುತ್ತಾರೆ ಎಂದರು. ಹೊರಗೆ ಬಂದು ಸಭೆಗೆ ಹೇಳಿದೆ. ಯಾರೂ ಮುನಿಯಪ್ಪನ ಕಡೆ ನೋಡಲಿಲ್ಲ. ಒಪ್ಪಿಗೆಗೆ ಮೊದಲು ಕೈ ಎತ್ತಿದವನು ಅವನೇ. ಅವನು ಎತ್ತಿದ ಮೇಲೆ ಮಿಕ್ಕವರಿಗೆ ಸುಲಭವಾಯಿತು. ನಾನು ಏಳನೆಯದರ ಮೇಲೆ ಗೀಟು ಎಳೆದೆ.

ಎರಡು ತಿಂಗಳಿಗೆ ಅವನಿಗೆ ಎದೆ ಕಟ್ಟಿ ಜ್ವರ ಬಂತು. ತಿಂದದ್ದು ಶ್ವಾಸಕೋಶಕ್ಕೆ ಇಳಿದು ಕೀವಾಗಿದೆ ಎಂದರು ಡಾಕ್ಟರು. ಒಂಬತ್ತನೇ ದಿನ ಹೋದ. ವಯಸ್ಸು ನಲವತ್ತೊಂದು.

ಮಣ್ಣು ಮಾಡಿ ಬಂದು ನೀಲಮ್ಮನ ಮುಂದೆ ಕೂತೆ. ಗೀಟು ಎಳೆದವನು ನಾನೇ ಎಂದೆ. ಉಗಿದಿದ್ದರೆ ಚೆನ್ನಾಗಿತ್ತು.

"ಗೊತ್ತು ಕಣಣ್ಣ. ಅವತ್ತು ಮನೆಗೆ ಬಂದು, ಹನ್ನೊಂದು ಮನೇಲಿ ಒಲೆ ಹತ್ತುತ್ತೆ ಅಂದ್ರು. ಖುಷಿಯಾಗೇ ಇದ್ರು. ನಾಳೆಯಿಂದ ಸರೀನ ತೆಳ್ಳಗೆ ಮಾಡು, ಅರ್ಧ ಗಂಟೇಲಿ ಮುಗೀಬೇಕು ಅಂದ್ರು. ಬೇಡ, ಅಡ್ಡದಾರಿ ಹಿಡಿಯುತ್ತೆ ಅಂದೆ. ಕೆಮ್ಮಿದ್ರೆ ಕೆಮ್ತೀನಿ, ಹಸ್ಕೊಂಡು ಮಗ್ಗ ತಳ್ಳಕ್ಕಾಗಲ್ಲ ಕಣೇ ಅಂದ್ರು."

ಅವನ ಬಟ್ಟಲನ್ನು ಒಲೆಯ ಪಕ್ಕದಿಂದ ತೆಗೆದು ಗೂಡಿನಲ್ಲಿಟ್ಟಳು.

"ದಿನಾ ಬೆಳಗ್ಗೆ ಅದಕ್ಕೆ ನೀರು ಹುಯ್ದು ಕಟ್ಟಿಕೊಟ್ಟೋಳು ನಾನು."